ಅರಿಶಿನದ ಅಟ್ಟದ ಕಂಪ್ಯೂಟರ್ ಕ್ಲಾಸು

ನಾನು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದು ಬೇಹುಗಾರಿಕೆಗೆ. ಕಲಿಯಬೇಕೆಂಬ ಆಸೆ ನನಗಾಗಲಿ, ಕಲಿಸಬೇಕೆಂಬ ಉಮೇದು ಅಪ್ಪನಿಗಾಗಲಿ ಇರಲಿಲ್ಲ.

ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿರಲಿಲ್ಲ. ಅಪ್ಪನಿಗೆ ಪೇಟೆಯಲ್ಲಿ ಅರಿಶಿನದ ಮಂಡಿಯಿತ್ತು. ನಾನು ಅಲ್ಲೇ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಮಂಡಿಯ ಮೇಲೆ ಉದ್ದನೆಯದೊಂದು ಕೋಣೆ. ಅದನ್ನು ನಾವು ಅಟ್ಟ ಎನ್ನುತ್ತಿದ್ದೆವು. ಸುಗ್ಗಿಯಲ್ಲಿ ಕೆಳಗೆ ಜಾಗ ಸಾಲದೆ ಹೋದಾಗ ಮೂಟೆಗಳನ್ನು ಅಲ್ಲಿಗೆ ಹೊತ್ತು ಹಾಕುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಅಲ್ಲಿ ಇಲಿಗಳದೇ ರಾಜ್ಯ. ಆ ಅಟ್ಟವನ್ನು ಬಾಡಿಗೆಗೆ ಕೊಡ್ತೀರಾ ಎಂದು ಕೇಳಿಕೊಂಡು ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದರು. ಮೂವತ್ತರ ಆಸುಪಾಸು. ಗುಂಡ್ಲುಪೇಟೆಯವರು. ಅವರ ತಂದೆ ಎಂದೋ ಕೇರಳದ ಕಡೆಯಿಂದ ಘಟ್ಟ ಹತ್ತಿ ಬಂದು ಅಲ್ಲಿ ಬೇಕರಿ ಇಟ್ಟವರಂತೆ. ಇವರು ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಓದಿಕೊಂಡು, ಎರಡು ಹಳೆಯ ಮಿಷನ್ನುಗಳನ್ನು ಕೊಂಡು ತಂದಿದ್ದರು. ಹೈಸ್ಕೂಲು, ಕಾಲೇಜು ಮಕ್ಕಳಿಗೆ ಅದನ್ನು ಕಲಿಸುವುದು ಅವರ ಯೋಚನೆ.

"ಗುಂಡ್ಲುಪೇಟೆಲೇ ಮಾಡ್ಬೋದಾಗಿತ್ತಲ್ಲವ್ವ?" ಎಂದರು ಅಪ್ಪ.

"ಅಲ್ಲಿ ಎಲ್ರಿಗೂ ನಾನು ಬನ್ನು ಕಟ್ಟಿಕೊಡೋ ಹುಡುಗಿ. ನನ್ನ ಹತ್ರ ಕಲಿಯೋಕೆ ಯಾರು ಬರ್ತಾರೆ ಸರ್?"

"ಮದುವೆ?"

"ಇಲ್ಲ."

ಅಪ್ಪ ಒಪ್ಪಿಕೊಂಡರು. ಖಾಲಿ ಬಿದ್ದ ಜಾಗಕ್ಕೆ ಬಾಡಿಗೆ ಬರುವುದಾದರೆ ಬೇಡವೆನ್ನುವ ವ್ಯಾಪಾರಿ ಅವರಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ನನ್ನ ಕಡೆ ತಿರುಗಿ, "ನೋಡು ಮಗ, ನೀನೂ ಆ ಕ್ಲಾಸಿಗೆ ಸೇರ್ಕೊ. ಕಲಿಯದು ಬುಡದು ನಿನ್ನಿಷ್ಟ. ಯಾರ್ ಬತ್ತಾರೆ, ಯಾರ್ ಓಯ್ತಾರೆ, ಏನ್ ಮಾತಾಡ್ತಾರೆ, ನೋಡ್ಕಂಡು ನಂಗೆ ಏಳು. ಒಬ್ಬಂಟಿ ಎಣ್ಣು ದಿನಾ ಬಸ್ಸಲ್ಲಿ ಬಂದು ದಿನಾ ಬಸ್ಸಲ್ಲಿ ಓಯ್ತೀನಿ ಅಂತಾಳೆ. ನಂಗ್ಯಾಕೋ ಸರಿ ಕಾಣ್ನಿಲ್ಲ" ಎಂದರು.

ಅಜ್ಜಿ ಗೋಡೆಗೊರಗಿ ಕೂತಿದ್ದವಳು, "ಆ ಡಬ್ಬ ನೋಡ್ತಾ ಕೂತ್ರೆ ಕಣ್ಣು ಓಯ್ತದಂತೆ. ಕಣ್ಣೋದ ಎಣ್ಣ ಯಾರ್ ಕಟ್ಕತಾರೆ?" ಎಂದು ತನ್ನ ಅನುಮಾನವನ್ನೂ ಸೇರಿಸಿದಳು.

ಹೀಗೆ ನಾನು ಅಟ್ಟ ಹತ್ತಿದೆ.

ಮಿಸ್ಸು (ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದೆವು) ಆ ಕೋಣೆಯನ್ನು ಎಷ್ಟು ಸಲ ತೊಳೆಸಿದರೂ ಅರಿಶಿನ ಹೋಗಲಿಲ್ಲ. ಹಲಗೆಗಳ ಸಂದಿಯಿಂದ, ಜಂತಿಗಳ ಮೇಲಿಂದ ಸಣ್ಣ ಹುಡಿ ಉದುರುತ್ತಲೇ ಇರುತ್ತಿತ್ತು. ಕೀಲಿಮಣೆಯ ಬಿಳಿ ಗುಂಡಿಗಳು ಒಂದು ವಾರದಲ್ಲಿ ಹಳದಿಗೆ ತಿರುಗಿದವು. ಕಂಪ್ಯೂಟರಿನ ಮೇಲೆ ಒಂದು ಹಳೆಯ ಸೀರೆ ಹೊದಿಸಿ, ಅದನ್ನು ತೆಗೆಯುವ ಮುಂಚೆ ಕಿಟಕಿ ಮುಚ್ಚುತ್ತಿದ್ದರು. ಮುಚ್ಚಿದ ಕಿಟಕಿಯನ್ನು ಕೆಳಗಿನಿಂದ ನೋಡಿದ ಅಪ್ಪನಿಗೆ ಮತ್ತೂ ಅನುಮಾನ.

ಸೇರಿದವರು ಏಳೆಂಟು ಮಂದಿ. ಉಡಿಗಾಲದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಹೈಸ್ಕೂಲು ಹುಡುಗ, ಬ್ಯಾಂಕಿನವರ ಇಬ್ಬರು ಮಕ್ಕಳು, ನನ್ನ ಕಾಲೇಜಿನವರೇ ಕೆಲವರು. ಇವರ ಜೊತೆ ಪುಣಜನೂರಿನ ಒಬ್ಬ ಹುಡುಗಿ. ಅವಳು ಪೇಟೆಯ ಹಾಸ್ಟೆಲಿನಲ್ಲಿದ್ದು ಒಂಬತ್ತನೇ ಕ್ಲಾಸು ಓದುತ್ತಿದ್ದಳು. ತಾಯಿ ಕೂಲಿಗೆ ಹೋಗುವವಳು, ತಂದೆ ಇಲ್ಲ. ಲೆಕ್ಕದಲ್ಲಿ ಚುರುಕಾದ ಒಬ್ಬಳನ್ನು ಕೊಡಿ ಎಂದು ಮಿಸ್ಸು ತಾವೇ ಹಾಸ್ಟೆಲಿಗೆ ಹೋಗಿ ಕೇಳಿ ಅವಳನ್ನು ಕರೆದುಕೊಂಡು ಬಂದಿದ್ದರು. ಅವಳಿಂದ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ನಾನು ವರದಿ ಮಾಡಿದಾಗ ಅಪ್ಪ ತಟ್ಟೆಯಿಂದ ಕೈಯೆತ್ತಿದರು.

"ಪುಕ್ಸಟ್ಟೆ ಕೊಡೋನು ಇನ್ನೆಲ್ಲೋ ಕಿತ್ಕತಾನೆ ಕಣ ಮಗ. ಅದೆಲ್ಲಿ ಅಂತ ನೋಡು."

ಮೊದಲ ವಾರ ಮಿಸ್ಸು ನಮ್ಮನ್ನು ಮಿಷನ್ನು ಮುಟ್ಟಲು ಬಿಡಲಿಲ್ಲ. ಉಡಿಗಾಲದ ಹುಡುಗನ ಕಣ್ಣಿಗೆ ಕರವಸ್ತ್ರ ಕಟ್ಟಿ ಬಾಗಿಲ ಬಳಿ ನಿಲ್ಲಿಸಿ, ಅವನನ್ನು ಕಿಟಕಿಯವರೆಗೆ ನಡೆಸಿಕೊಂಡು ಹೋಗಿ ಎಂದರು. ಆದರೆ ಯಾರೂ ಅವನನ್ನು ಮುಟ್ಟಬಾರದು, ಬಾಯಲ್ಲಿ ಮಾತ್ರ ಹೇಳಬೇಕು. ನಾವು "ಮುಂದೆ ಹೋಗು, ಎಡಕ್ಕೆ ತಿರುಗು" ಎಂದೆಲ್ಲ ಕೂಗಿದೆವು. ಅವನು ಹೇಳಿದ್ದನ್ನು ಹೇಳಿದಷ್ಟೇ ಮಾಡಿದ. ನಿಲ್ಲು ಎನ್ನಲು ನಾವು ಮರೆತದ್ದರಿಂದ ಕಂಬಕ್ಕೆ ಹೋಗಿ ಢೀ ಎಂದು ಹಣೆ ಹೊಡೆದುಕೊಂಡ.

"ಕಂಪ್ಯೂಟರೂ ಹೀಗೇ. ನೀವು ಹೇಳಿದ್ದನ್ನ ಮಾಡುತ್ತೆ, ಅಂದುಕೊಂಡಿದ್ದನ್ನ ಮಾಡಲ್ಲ. ಅದಕ್ಕೆ ಬುದ್ಧಿ ಇಲ್ಲ. ಇರಬೇಕಾಗಿರೋದು ನಿಮಗೆ" ಎಂದರು ಮಿಸ್ಸು.

ಕೆಳಗೆ ಮಂಡಿಯಲ್ಲಿ ಆ ಢೀ ಕೇಳಿಸಿತ್ತು. "ಏನದು ಸದ್ದು?" ಎಂದು ಅಪ್ಪ ಕೇಳಿದರು. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುತ್ತಾರೆ ಎಂದೆ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಅಜ್ಜಿಯ ಮುಖ ನೋಡಿದಳು. ಮರುದಿನ ಅಪ್ಪ ಏನೋ ನೆಪ ಮಾಡಿ ಅಟ್ಟಕ್ಕೆ ಬಂದು, ಬಾಗಿಲಲ್ಲೇ ನಿಂತು, ಗೋಡೆ ಸೂರು ಎಲ್ಲ ನೋಡಿ ಹೋದರು.

ಕೊನೆಗೂ ಪರದೆಯ ಮುಂದೆ ಕೂತ ದಿನ ನನಗೆ ಚೆನ್ನಾಗಿ ನೆನಪಿದೆ. ಕಪ್ಪು ಪರದೆ, ಹಸಿರು ಅಕ್ಷರ. ಬೇಸಿಕ್ ಎಂಬ ಭಾಷೆಯಲ್ಲಿ ಒಂದು ಸಾಲು ಬರೆದರೆ ಒಂದು ಗೆರೆ ಎಳೆಯುತ್ತಿತ್ತು. ಇನ್ನೊಂದು ಸಾಲಿಗೆ ಒಂದು ವೃತ್ತ. ಬರೆದದ್ದನ್ನೇ ಸುತ್ತಿ ಸುತ್ತಿ ಮಾಡು ಎಂದು ಹೇಳಿದಾಗ ನನ್ನ ಒಂದು ವೃತ್ತ ಹಲವು ವೃತ್ತಗಳಾಗಿ, ಒಂದರೊಳಗೊಂದು ಹೂವಿನ ಎಸಳಿನ ಹಾಗೆ ಕೂಡಿಕೊಂಡು ರಂಗೋಲಿಯಾಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಷ್ಟರಲ್ಲಿ ಕರೆಂಟು ಹೋಗಿ ಎಲ್ಲ ಅಳಿಸಿಹೋಯಿತು. ಅಂದು ಸಂಜೆ ಅಪ್ಪನಿಗೆ ಹೇಳಲು ನನ್ನ ಬಳಿ ವರದಿ ಇರಲಿಲ್ಲ. ರಂಗೋಲಿಯ ವಿಷಯ ಹೇಳಬೇಕೆನಿಸಲಿಲ್ಲ.

ಅನುಮಾನ ನನಗೇ ಹುಟ್ಟಿದ್ದು ಆಮೇಲೆ.

ಗೆರೆ, ವೃತ್ತ ಎಲ್ಲ ಕೈಗೆ ಹತ್ತಿದ ಮೇಲೆ ಮಿಸ್ಸು ಒಬ್ಬೊಬ್ಬರಿಗೂ ಒಂದು ಕೆಲಸ ಕೊಟ್ಟರು: ನಿಮ್ಮ ನಿಮ್ಮ ಊರನ್ನು ಪರದೆಯ ಮೇಲೆ ಮಾಡಿ. ಬರೀ ಚಿತ್ರವಲ್ಲ, ಅದರಲ್ಲಿ ಏನಾದರೂ ಚಲಿಸಬೇಕು. ಉಡಿಗಾಲದ ಹುಡುಗ ಕೆರೆ ಮಾಡಿ, ಏರಿಯ ಮೇಲೆ ಬಸ್ಸು ಬಿಟ್ಟ. ನಾನು ನಮ್ಮ ಪೇಟೆ ಬೀದಿ ಮಾಡಿದೆ. ಪುಣಜನೂರಿನ ಹುಡುಗಿ ಎಲ್ಲರಿಗಿಂತ ಮುಂದೆ ಹೋದಳು. ಸತ್ಯಮಂಗಲದ ಕಡೆ ಹೋಗುವ ರಸ್ತೆ, ಪಕ್ಕದಲ್ಲಿ ಚೆಕ್‌ಪೋಸ್ಟು, ರಸ್ತೆ ಬಿಟ್ಟು ಒಳಕ್ಕೆ ಹೋಗುವ ಕಾಲುದಾರಿ, ಹಳ್ಳ, ಹಳ್ಳದಾಚೆ ಕಾಡು. ಒಂದು ಲಾರಿ ಬಂದು ಚೆಕ್‌ಪೋಸ್ಟಿನಲ್ಲಿ ನಿಂತು ಮುಂದೆ ಹೋಗುತ್ತಿತ್ತು. ಅವಳ ಮನೆಯ ಮೇಲೆ ಒಂದು ಚುಕ್ಕೆ ಹತ್ತಿ ಆರಿ ಮಾಡುತ್ತಿತ್ತು.

ಮಿಸ್ಸು ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು: "ಈ ಕಾಲುದಾರಿ ಎಲ್ಲಿಗೆ ಹೋಗುತ್ತೆ? ಹಳ್ಳ ದಾಟೋದು ಎಲ್ಲಿ? ಅಲ್ಲಿಂದ ಮುಂದೆ?"

ಬೇರೆ ಕಾಲದಲ್ಲಿ ಇದು ಒಬ್ಬ ಟೀಚರು ಕೇಳುವ ಸಾದಾ ಪ್ರಶ್ನೆ. ಆದರೆ ಆ ವರ್ಷಗಳಲ್ಲಿ ಆ ಕಾಡಿನ ದಾರಿಗಳನ್ನು ಕೇಳುವವರು ಎರಡೇ ಬಗೆಯವರು: ಗಂಧ, ದಂತ ಕದ್ದು ಕಾಡಿನೊಳಗೆ ತಲೆಮರೆಸಿಕೊಂಡವರ ಕಡೆಯವರು, ಇಲ್ಲವೇ ಅವರನ್ನು ಹುಡುಕುತ್ತಿದ್ದ ಪೊಲೀಸರು. ನಮ್ಮ ಪೇಟೆಯಲ್ಲಿ ಕೂಡ ಆ ಮಾತು ಬಂದರೆ ಜನ ಆಚೀಚೆ ನೋಡಿ ದನಿ ತಗ್ಗಿಸುತ್ತಿದ್ದರು. ಹೊಸಬರು ಟೀ ಅಂಗಡಿಯಲ್ಲಿ ಕೂತರೆ ಇದ್ದವರು ಎದ್ದು ಹೋಗುತ್ತಿದ್ದರು. ನನ್ನ ಕಿವಿ ನೆಟ್ಟಗಾಯಿತು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ನಾವು ಮಾಡಿದ್ದೆಲ್ಲ ಫ್ಲಾಪಿ ಎಂಬ ಚೌಕನೆಯ ತೆಳ್ಳನೆ ತಟ್ಟೆಯಲ್ಲಿ ಉಳಿಯುತ್ತಿತ್ತು. ಕ್ಲಾಸು ಮುಗಿದ ಮೇಲೆ ಮಿಸ್ಸು ಎಲ್ಲರ ಕೆಲಸವನ್ನೂ ಇನ್ನೊಂದು ಫ್ಲಾಪಿಗೆ ನಕಲು ಮಾಡಿ, ಅದನ್ನು ತಮ್ಮ ತಂದೆಯ ಬೇಕರಿಯ ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಡಬ್ಬವನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಯಾಕೆ ಎಂದು ಕೇಳಿದೆ. "ನಿಮ್ಮ ಅರಿಶಿನ ಫ್ಲಾಪಿ ಒಳಗೂ ಹೋಗುತ್ತೆ ಮಾರಾಯ್ತಿ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ" ಎಂದು ನಕ್ಕರು. ನಂಬುವ ಹಾಗೇ ಇತ್ತು. ಆದರೂ ಒಂದು ಸಂಜೆ ನಾನು ಅವರ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಗುಂಡ್ಲುಪೇಟೆ ಬಸ್ಸಿನ ಕಡೆ ಹೋಗುವ ಬದಲು ಅವರು ರಸ್ತೆ ದಾಟಿ, ನಿಂತಿದ್ದ ಒಂದು ಲಾರಿಯ ಹತ್ತಿರ ಹೋದರು. ಡ್ರೈವರನೊಂದಿಗೆ ತಮಿಳಿನಲ್ಲಿ ಏನೋ ಮಾತಾಡಿ, ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬ ತೆಗೆದು ಅವನ ಕೈಗೆ ಕೊಟ್ಟರು. ಲಾರಿ ಸತ್ಯಮಂಗಲದ ರಸ್ತೆ ಹಿಡಿಯಿತು. ಆ ರಸ್ತೆ ಹೋಗುವುದೇ ಪುಣಜನೂರಿನ ಮೇಲೆ.

ಮನೆಗೆ ಬಂದೆ. ಅಪ್ಪ ಎಂದಿನಂತೆ, "ಏನ್ ಮಗ, ಇವತ್ತೇನು?" ಎಂದರು.

"ಏನಿಲ್ಲಪ್ಪ" ಎಂದೆ.

ಹೇಳಿದ್ದರೆ ಮರುದಿನವೇ ಅಟ್ಟಕ್ಕೆ ಬೀಗ ಬೀಳುತ್ತಿತ್ತು. ನನ್ನ ಪೇಟೆ ಬೀದಿಯಲ್ಲಿ ಒಂದು ಎತ್ತಿನ ಗಾಡಿ ಅರ್ಧಕ್ಕೆ ನಿಂತಿತ್ತು. ಅದರ ಚಕ್ರ ತಿರುಗಿಸುವುದು ಹೇಗೆಂದು ಅಂದಷ್ಟೇ ಹೊಳೆದಿತ್ತು. ಅಂದಿನಿಂದ ನಾನು ಅಪ್ಪನಿಗಾಗಿ ಅಲ್ಲ, ನನಗಾಗಿಯೇ ಮಿಸ್ಸಿನ ಮೇಲೆ ಕಣ್ಣಿಟ್ಟೆ. ಅವರು ಕಿಟಕಿ ಮುಚ್ಚಿದರೂ ಅನುಮಾನ, ತೆರೆದರೂ ಅನುಮಾನ. ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುವೆ. ಅವರ ಬಳಿ ಕಲಿಯುತ್ತಲೂ ಇದ್ದೆ, ಅವರನ್ನು ನಂಬುತ್ತಲೂ ಇರಲಿಲ್ಲ.

ಹಬ್ಬಕ್ಕೆಂದು ರಜ ಬಂತು. ಪುಣಜನೂರಿನ ಹುಡುಗಿ ಊರಿಗೆ ಹೋಗಿ ಬಂದಳು. ಅವಳು ಬಂದ ಮಾರನೆಯ ದಿನವೇ ಅವಳ ತಾಯಿ ಬಂದಳು.

ಕ್ಲಾಸು ನಡೆಯುತ್ತಿತ್ತು. ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು. ಬಾಗಿಲಲ್ಲಿ ಒಬ್ಬ ಹೆಂಗಸು, ಸಣಕಲು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಒಳಗೆ ಬರದೆ ಅಲ್ಲೇ ನಿಂತು ಕೇಳಿದಳು:

"ನಮ್ಮೂರ ದಾರಿ ಬರೆಸ್ತಾ ಇರೋರು ಯಾರವ್ವ ಇಲ್ಲಿ?"

ಮಿಸ್ಸು ಎದ್ದರು. "ನಾನೇ. ಬನ್ನಿ, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ ಮೇಡಮ್ನೋರೆ." ಅವಳು ಮಗಳ ಕಡೆ ಕೈ ತೋರಿಸಿದಳು. "ಇವ್ಳು ಅಬ್ಬುಕ್ಕೆ ಬಂದೋಳು ಊರೆಲ್ಲ ಸುತ್ತಿದ್ಲು. ಅಳ್ಳ ಎಲ್ ತಿರುಗ್ತದೆ, ಕಾಲ್ದಾರಿ ಎಲ್ ಸೇರ್ತದೆ ಅಂತ ನಮ್ಮಣ್ಣನ್ನೂ ಕೇಳ್ತಾಳೆ. ಯಾಕಮ್ಮಿ ಅಂದ್ರೆ ಕಂಪೂಟ್ರಲ್ಲಿ ಬರೀತೀನಿ ಅಂತಾಳೆ. ನನ್ ಜೀವ್ವೇ ಓದಂಗಾಯ್ತು."

"ಅದು ಮಕ್ಕಳ ಆಟದ ಹಾಗೆ ಅಷ್ಟೇ ಅಮ್ಮ. ಕಲಿಯೋಕೆ..."

"ನಿಮ್ಗೆ ಆಟ. ನಮ್ಮೂರ್ಗೆ ಒತ್ತಾರೆ ಒಬ್ರು ಬತ್ತಾರೆ, ಕತ್ಲಾದ್ಮೇಲೆ ಇನ್ನೊಬ್ರು ಬತ್ತಾರೆ. ಇಬ್ರೂ ಕೇಳದು ಒಂದೇಯ. ದಾರಿ ಯಾವ್ದು, ಯಾರ್ ಓದ್ರು, ಯಾರ್ ಬಂದ್ರು. ನಾವು ಗೊತ್ತಿಲ್ಲ ಸ್ವಾಮಿ ಅಂತೀವಿ. ಗೊತ್ತಿಲ್ಲ ಗೊತ್ತಿಲ್ಲ ಅಂದ್ಕಂಡೇ ಜೀವ ಉಳಿಸ್ಕಂಡಿವಿ. ಈಗ ನನ್ ಮಗ್ಳೇ ಎಲ್ಲಾನು ಗೀಚಿ ಮಡಗವ್ಳೆ ಅಂದ್ರೆ?"

ಮಿಸ್ಸು ಕುರ್ಚಿಯನ್ನು ಪಕ್ಕಕ್ಕೆ ಎಳೆದು, "ಮೊದಲು ನೋಡಿ ಬಿಡಿ. ಆಮೇಲೆ ನೀವು ಹೇಳಿದ ಹಾಗೆ" ಎಂದರು.

ತಾಯಿ ಒಳಗೆ ಬಂದಳು. ಹುಡುಗಿ ಗುಂಡಿಗಳನ್ನೊತ್ತಿದಳು. ಪರದೆಯ ಮೇಲೆ ರಸ್ತೆ ಬಂತು, ಹಳ್ಳ ಬಂತು, ಮನೆಗಳು ಒಂದೊಂದಾಗಿ ಮೂಡಿದವು. ಲಾರಿ ಬಂದು ಚೆಕ್‌ಪೋಸ್ಟಿನಲ್ಲಿ ನಿಂತಿತು. ತಾಯಿ ಬಗ್ಗಿ ನೋಡಿದಳು. ಅವಳ ಮುಖದ ಮೇಲೆ ಹಸಿರು ಬೆಳಕು ಬಿದ್ದಿತ್ತು.

"ಇದು ನಮ್ಮನೆಯಾ?"

"ಊ ಕಣವ್ವ."

"ದೀಪ ಯಾಕಮ್ಮಿ ಅಂಗೆ ಮಿಣಕ್ ಮಿಣಕ್ ಅಂತದೆ?"

"ನಮ್ಮನೆ ಅಂತ ಗೊತ್ತಾಗ್ಲಿ ಅಂತ."

"ಗೊತ್ತಾಗ್ಬಾರ್ದು ಕಣಮ್ಮಿ!" ತಾಯಿ ಗದರಿದಳು. "ಅದ್ನೇ ನಾ ಏಳ್ತಾ ಇರದು. ಅಳಿಸು."

ಮಿಸ್ಸು ಹುಡುಗಿಗೆ ತಲೆಯಾಡಿಸಿದರು. ಫ್ಲಾಪಿಯಲ್ಲಿದ್ದುದನ್ನು ತೆಗೆದುಹಾಕಲು ಬೇಸಿಕ್ಕಿನಲ್ಲಿ ಕಿಲ್ ಎಂದು ಬರೆಯಬೇಕು. ಹುಡುಗಿ ಬರೆದಳು. ತಾಯಿ, "ಏನಂತ ಬರ್ದೆ?" ಎಂದಳು.

"ಸಾಯ್ಸು ಅಂತ."

ತಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ ಮುಂದೆ ಬಂದು, ಖಾಲಿಯಾದ ಪರದೆಯನ್ನೇ ದಿಟ್ಟಿಸಿದಳು. "ಓಯ್ತಾ?"

"ಓಯ್ತು ಕಣವ್ವ."

"ಮುಚ್ಚಿಟ್ರೋ ಅಳಿಸುದ್ರೋ ನಂಗೇನ್ ಗೊತ್ತಾಯ್ತದೆ? ಇನ್ನೆಲ್ಲೂ ಇಲ್ವಾ ಮೇಡಮ್ನೋರೆ?"

"ಇಲ್ಲ" ಎಂದರು ಮಿಸ್ಸು.

ತಾಯಿ ಅವರನ್ನು ನಂಬಲಿಲ್ಲ. ಕೋಣೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು, ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದಳು. "ನೀ ಕೆಳಗ್ಡೆ ಮಂಡಿ ಯಜಮಾನ್ರ ಮಗ್ಳಲ್ವಾ? ನೀ ಏಳವ್ವ. ಇನ್ನೆಲ್ಲೂ ಇಲ್ವಾ?"

ನಾನು ಮಿಸ್ಸಿನ ಕಡೆ ನೋಡಿದೆ. ಅವರು ಕೀಲಿಮಣೆ ನೋಡುತ್ತಿದ್ದರು. ಅವರ ಕೈಚೀಲ ಕುರ್ಚಿಗೆ ತೂಗುಬಿದ್ದಿತ್ತು. ಅಷ್ಟು ದಿನ ಕಣ್ಣಿಟ್ಟಿದ್ದರಿಂದ ಅದರಲ್ಲಿ ಏನಿದೆಯೆಂದು ನನಗೆ ಮಾತ್ರ ಗೊತ್ತಿತ್ತು.

"ಮಿಸ್," ಎಂದೆ, "ಬಿಸ್ಕತ್ ಡಬ್ಬದಲ್ಲಿ ಇನ್ನೊಂದಿದೆಯಲ್ಲ."

ಅವರು ತಲೆಯೆತ್ತಿದರು. ಕೆನ್ನೆ ಕೆಂಪಾಗಿದ್ದವು. "ಹೌದು... ಮರೆತೇ ಹೋಗಿತ್ತು" ಎಂದು ಚೀಲಕ್ಕೆ ಕೈ ಹಾಕಿದರು. ಡಬ್ಬ ತೆರೆದು ಫ್ಲಾಪಿ ತೆಗೆದು, ಅದನ್ನು ಮಿಷನ್ನಿಗೆ ಹಾಕಲು ಹೋದರು.

"ಮತ್ತೆ ಅದ್ರೊಳಕ್ಕೆ ಆಕ್ಬ್ಯಾಡಿ! ಕೊಡಿ ಇತ್ಲಾಗಿ."

"ಇದರಲ್ಲಿ ಬೇರೆ ಮಕ್ಕಳದೂ ಇದೆ ಅಮ್ಮ."

"ಮಿಸ್, ಕೊಟ್ಬುಡಿ ಮಿಸ್" ಎಂದ ಉಡಿಗಾಲದ ಹುಡುಗ ಹಿಂದಿನಿಂದ. "ನಮ್ದು ಇನ್ನೊಂದ್ರಲ್ಲಿ ಅದೆಯಲ್ಲ."

ತಾಯಿ ಫ್ಲಾಪಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದನ್ನು ರೊಟ್ಟಿ ಮಡಿಸಿದ ಹಾಗೆ ಲಟಕ್ಕನೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಒಲೆಗಾಕ್ತೀನಿ" ಎಂದಳು. ಮಗಳ ರಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಹುಡುಗಿ ಅಳುತ್ತಿರಲಿಲ್ಲ. ಹೋಗುವಾಗ ಒಮ್ಮೆ ಪರದೆಯ ಕಡೆ ನೋಡಿದಳು, ಅಷ್ಟೇ.

ಅಂದು ಮಿಸ್ಸು ಕ್ಲಾಸು ಬೇಗ ಮುಗಿಸಿದರು. ನನ್ನೊಂದಿಗೆ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಅನುಮಾನ ನನ್ನೊಳಗೆ ಕುದಿಯುತ್ತಲೇ ಇತ್ತು. ದಿನಾ ತಾವೇ ಕೈಯಾರೆ ಮಾಡುವ ನಕಲು ಮರೆತುಹೋಗುವುದು ಹೇಗೆ? ಅಥವಾ ಎದುರಿಗೊಬ್ಬಳು ತಾಯಿ ನಿಂತು ಗದರುವಾಗ ಎಂಥವರಿಗೂ ಮರೆತುಹೋಗಬಹುದೆ?

ಒಂದು ವಾರವಾಗಿತ್ತೋ ಇಲ್ಲವೋ, ಮಂಡಿಗೆ ಒಬ್ಬರು ಬಂದು ಅರಿಶಿನದ ಧಾರಣೆ ವಿಚಾರಿಸಿದರು. ಬಿಳಿ ಷರಟು, ಸಾದಾ ಪ್ಯಾಂಟು. ಆದರೆ ಕಾಲಲ್ಲಿ ಮಿರುಗುವ ಕೆಂಚು ಬೂಟು. ಪೇಟೆಯಲ್ಲಿ ಅಂಥ ಬೂಟು ಯಾರದೆಂದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಧಾರಣೆ ಕೇಳಿಸಿಕೊಂಡು, ಮೇಲೆ ಕಂಪ್ಯೂಟರ್ ಇದೆಯಂತಲ್ಲ, ನೋಡಬಹುದೆ ಎಂದರು. ಅಪ್ಪನೇ ಮೆಟ್ಟಿಲು ತೋರಿಸಿದರು.

ಮೇಲೆ ಬಂದವರು ಗಡುಸಾಗಿ ಏನೂ ಮಾತಾಡಲಿಲ್ಲ. "ಇಲ್ಲಿ ಮಕ್ಕಳ ಕೈಲಿ ಊರೂರ ಮ್ಯಾಪ್ ಮಾಡಿಸ್ತೀರಂತೆ. ನಮಗೂ ತೋರಿಸಿ ಮೇಡಂ" ಎಂದರು. ಮಿಸ್ಸು ತೋರಿಸಿದರು. ಉಡಿಗಾಲದ ಕೆರೆ ಏರಿಯ ಮೇಲೆ ಬಸ್ಸು ಹೋಯಿತು. ನನ್ನ ಎತ್ತಿನ ಗಾಡಿ ಪೇಟೆ ಬೀದಿಯಲ್ಲಿ ಕುಂಟುತ್ತ ಹೋಯಿತು. ಅದಕ್ಕೆ ಅವರು ನಕ್ಕರು. ಇದ್ದ ಫ್ಲಾಪಿಗಳನ್ನೆಲ್ಲ ಒಂದೊಂದಾಗಿ ಹಾಕಿಸಿ, ಹೆಸರುಗಳನ್ನು ಓದಿಸಿದರು.

"ಕಾಡಿನ ಕಡೆದು ಯಾವ್ದೂ ಇಲ್ವಾ? ಪುಣಜನೂರಿನ ಕಡೆದು?"

"ಇಲ್ಲ" ಎಂದರು ಮಿಸ್ಸು.

ಈ ಸಲ ಅದು ನಿಜವಾಗಿತ್ತು. ನಾನು ಗೋಡೆಗೊರಗಿ ನಿಂತಿದ್ದೆ. ಆ ಹುಡುಗಿಯ ಮನೆಯ ಮಿಣುಕು ಚುಕ್ಕೆ ಆಗಲೂ ಡಬ್ಬದಲ್ಲಿದ್ದಿದ್ದರೆ? ಬಂದವರು ಟೀ ಕುಡಿದು, ಥ್ಯಾಂಕ್ಸ್ ಹೇಳಿ ಹೋದರು.

ಅವರಿಗೆ ಹೇಳಿದವರು ಯಾರು? ಅಂದು ಸಂಜೆ ನೇರವಾಗಿ ಅಪ್ಪನನ್ನೇ ಕೇಳಿದೆ. "ನಾನ್ಯಾಕೆ ಏಳ್ಲಿ? ನನ್ ಅಟ್ಟಕ್ಕೆ ಪೊಲೀಸ್ರು ಅತ್ತದು ನಂಗೇನ್ ಚಂದವಾ?" ಎಂದರು. ಮಾತಿನಲ್ಲಿ ನ್ಯಾಯವಿತ್ತು. ಬ್ಯಾಂಕಿನ ಮಕ್ಕಳು ಮನೆಯಲ್ಲಿ ಆಡಿರಬಹುದು. ಮಂಡಿಯ ಹಮಾಲಿಗಳು ಮೆಟ್ಟಿಲ ಕೆಳಗೆ ನಿಂತು ಕೇಳಿಸಿಕೊಂಡಿರಬಹುದು. ಯಾರೆಂದು ಗೊತ್ತಾಗಲಿಲ್ಲ. ಒಂದಷ್ಟು ದಿನ ಕ್ಲಾಸಿನಲ್ಲಿ ನಾವೆಲ್ಲ ಒಬ್ಬರ ಪರದೆಯನ್ನು ಇನ್ನೊಬ್ಬರಿಗೆ ಕಾಣದ ಹಾಗೆ ಅಡ್ಡ ಕೂತು ಬರೆಯುತ್ತಿದ್ದೆವು.

ಆ ಬೂಟಿನವರು ಹೋದ ಮರುದಿನ, ಎಲ್ಲರೂ ಹೊರಟ ಮೇಲೆ ಮಿಸ್ಸು ನನ್ನನ್ನು ನಿಲ್ಲಿಸಿಕೊಂಡರು.

"ಅವತ್ತು ನೀನು ಡಬ್ಬದ ಮಾತು ಎತ್ತಿದ್ದು ಒಳ್ಳೇದೇ ಆಯ್ತು" ಎಂದರು. ನಂತರ, "ನಿಮ್ಮಪ್ಪ ನಿನ್ನ ಯಾಕೆ ಇಲ್ಲಿಗೆ ಕಳಿಸಿದ್ದಾರೆ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು."

"ಗೊತ್ತಿದ್ದೂ ಯಾಕೆ ಸೇರಿಸ್ಕೊಂಡ್ರಿ?"

"ಕಾವಲಿಗೆ ಕೂತವರು ಬೇಜಾರಿಗಾದ್ರೂ ಒಂದಿಷ್ಟು ಕಲೀತಾರೆ ಅಂತ."

ಅಷ್ಟು ಆದ ಮೇಲೆ ಮುಚ್ಚಿಡುವುದೇನು ಎಂದು ನಾನೂ ಕೇಳಿದೆ: "ಬಸ್‌ಸ್ಟ್ಯಾಂಡಲ್ಲಿ ಲಾರಿಯವನಿಗೆ ಕೊಟ್ಟ ಡಬ್ಬ?"

ಅವರು ಜೋರಾಗಿ ನಕ್ಕುಬಿಟ್ಟರು. "ಅಲ್ಲಿಗೂ ಬಂದಿದ್ಯಾ? ಕೆಟ್ಟ ಫ್ಲಾಪಿ ಕೊಯಮತ್ತೂರಿಗೆ ಕಳಿಸಿ ಹೊಸದು ತರಿಸ್ತೀನಿ. ಅಲ್ಲಿ ನನಗೆ ಕಲಿಸಿದವರ ಅಂಗಡಿ ಇದೆ. ಆ ಡ್ರೈವರು ನಮ್ಮ ಬೇಕರಿಗೆ ಮೈದಾ ಹಾಕೋನು." ಮುಂದಿನ ವಾರ ಅದೇ ಲಾರಿಯಿಂದ ಬಂದ ಹೊಸ ಫ್ಲಾಪಿಗಳನ್ನು ನನ್ನ ಮುಂದೆಯೇ ಬಿಚ್ಚಿದರು. ನಾನು ನಂಬಿದೆ. ಮರೆವಿನ ವಿಷಯ ಮಾತ್ರ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಪುಣಜನೂರಿನ ಹುಡುಗಿ ಇನ್ನು ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದೆವು. ತಿಂಗಳೊಪ್ಪತ್ತಿನ ಮೇಲೆ ಒಂದು ದಿನ ಬಂದು ಸುಮ್ಮನೆ ತನ್ನ ಜಾಗದಲ್ಲಿ ಕೂತಳು. ಮಿಸ್ಸು ತಾವೇ ಪುಣಜನೂರಿಗೆ ಹೋಗಿ ತಾಯಿಯನ್ನು ಕಂಡು ಬಂದಿದ್ದರಂತೆ. ತಾಯಿ ಒಂದು ಷರತ್ತು ಹಾಕಿದ್ದಳು. ಏನಾದರೂ ಬರೆ, ದಾರಿ ಬರೆಯಬೇಡ, ಮನೆ ಬರೆಯಬೇಡ, ಮನುಷ್ಯರ ಹೆಸರು ಬರೆಯಬೇಡ.

"ಹಾಗಾದ್ರೆ ಏನು ಮಾಡ್ತೀಯಾ?" ಎಂದೆ.

"ನೋಡನ" ಎಂದಳು.

ಒಂದೆರಡು ವಾರ ಯಾರಿಗೂ ತೋರಿಸದೆ ಏನೋ ಮಾಡುತ್ತಿದ್ದಳು. ಆ ಹೊತ್ತಿಗೆ ಮಿಸ್ಸು ಇನ್‌ಪುಟ್ ಎನ್ನುವುದನ್ನು ಕಲಿಸಿದ್ದರು. ಮಿಷನ್ನು ಪ್ರಶ್ನೆ ಕೇಳಿ ನಾವು ಉತ್ತರ ಒತ್ತುವುದು, ಅಥವಾ ನಾವು ಕೇಳಿ ಅದು ಹೇಳುವುದು. ಇದು ಬಂದರೆ ಹೀಗೆ, ಅದು ಬಂದರೆ ಹಾಗೆ ಎಂದು ಕವಲು ಹಾಕುವುದನ್ನೂ ಹೇಳಿಕೊಟ್ಟಿದ್ದರು. ಕೊನೆಗೊಂದು ದಿನ ಹುಡುಗಿ ಎಲ್ಲರನ್ನೂ ಕರೆದಳು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: "ಏನ್ ಬೇಕಾಗಿತ್ತು?"

ಮಿಸ್ಸು ಕೂತು, ದಾರಿ ಯಾವುದು ಎಂದು ಒತ್ತಿದರು. "ಗೊತ್ತಿಲ್ಲ ಸ್ವಾಮಿ" ಎಂದು ಬಂತು. ಯಾರು ಬಂದಿದ್ದರು? "ನಾ ನೋಡ್ನಿಲ್ಲ." ನಿನ್ನ ಹೆಸರೇನು? "ನಂಗ್ ಕಿವಿ ಕೇಳ್ಸಲ್ಲ." ಮತ್ತೆ ಅದನ್ನೇ ಕೇಳಿದರೆ, "ಎಮ್ಮೆ ಕರಿಬೇಕು, ಬತ್ತೀನಿ" ಎಂದು ಪರದೆ ಖಾಲಿಯಾಗುತ್ತಿತ್ತು.

ಮೊದಲು ನಕ್ಕವನು ಉಡಿಗಾಲದ ಹುಡುಗ. ಆಮೇಲೆ ಎಲ್ಲರೂ. ಮಿಸ್ಸು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹುಡುಗಿ ಮಾತ್ರ ಗಂಭೀರವಾಗಿ, "ನಮ್ಮೂರು ಇಂಗೇಯ. ಇದ್ರಲ್ಲಿ ದಾರಿ ಇಲ್ಲ, ಅವ್ವ ಬೈಯಲ್ಲ" ಎಂದಳು.

ಸುದ್ದಿ ಕೆಳಗೆ ಮಂಡಿಗೂ ಹೋಯಿತು. ಅಪ್ಪ ಮೇಲೆ ಬಂದರು. ಬಂದವರು ಮೊದಲ ಬಾರಿ ಕುರ್ಚಿ ಎಳೆದು ಕೂತರು. ಅರಿಶಿನಕ್ಕೆ ಏನು ಧಾರಣೆ ಎಂದು ಕೇಳು ಅಂತ ನನ್ನ ಕೈಯಲ್ಲಿ ಒತ್ತಿಸಿದರು. ಪರದೆಯ ಮೇಲೆ, "ಗೊತ್ತಿಲ್ಲ ಸ್ವಾಮಿ."

"ಪಕ್ಕಾ ಯಾಪಾರಸ್ತ ಕಣ ಮಗ ಇದು!" ಎಂದು ಅಪ್ಪ ತೊಡೆ ತಟ್ಟಿಕೊಂಡರು.

ತಾಯಿಯೂ ಒಂದು ದಿನ ಬಂದು ನೋಡಿದಳು. ಮಗಳೇ ಪ್ರಶ್ನೆ ಒತ್ತಿ, ಬಂದ ಉತ್ತರ ಓದಿ ಹೇಳಿದಳು. ತಾಯಿ ನಗಲಿಲ್ಲ. ಒಂದೊಂದು ಉತ್ತರವನ್ನೂ ಕೇಳಿಸಿಕೊಂಡು, "ಇದ್ನ ಬೇಕಾದ್ರೆ ಇಟ್ಕಳಿ" ಎಂದು ಹೊರಟಳು. ಅವಳಿಂದ ಅಷ್ಟು ಬಂದದ್ದೇ ನಮಗೆ ದೊಡ್ಡದಾಗಿತ್ತು.

ಸುಗ್ಗಿ ಹತ್ತಿರ ಬಂದಾಗ ಅಪ್ಪನಿಗೆ ಅಟ್ಟ ಬೇಕಾಯಿತು. ಅಷ್ಟರಲ್ಲಿ ಮಿಸ್ಸಿಗೆ ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಮಿಷನ್ನುಗಳನ್ನು ಅಲ್ಲಿಗೇ ಸಾಗಿಸಿದರು. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ ರಜ ಸಿಕ್ಕಾಗೆಲ್ಲ ಅಲ್ಲಿಗೆ ಹೋಗಿ ಕಲಿತಳು. ಆಮೇಲೆ ಟೀಚರ್ ಟ್ರೈನಿಂಗಿಗೆ ಸೇರಿದಳೆಂದು ಕೇಳಿದೆ.

ನನ್ನ ಡಿಗ್ರಿ ಮುಗಿದ ಮೇಲೆ ಮಿಸ್ಸು ನನ್ನನ್ನೂ ತಮ್ಮ ಶಾಲೆಗೆ ಕಲಿಸಲು ಕರೆದರು. ಅಪ್ಪ ಈ ಸಲ ಬೇಹಿಗೆ ಕಳಿಸಲಿಲ್ಲ. ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಬೆಳಗಿನ ಬಸ್ಸಿಗೆ ತಾವೇ ಬಂದು ಹತ್ತಿಸಿದರು. ಕಂಡಕ್ಟರನ ಊರು ಯಾವುದೆಂದು ಮಾತ್ರ ವಿಚಾರಿಸಿಕೊಂಡರು.

ಆ ಶಾಲೆಯ ಹೆಡ್‌ಮಾಸ್ತರರಿಗೆ ಕಂಪ್ಯೂಟರನ್ನು ಯಾರಾದರೂ ಕದ್ದೊಯ್ಯುತ್ತಾರೆಂಬ ಭಯ. ಕೋಣೆಯ ಬೀಗದ ಕೈಯನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಕಲಿಸಲು ಹೋದ ಮೊದಲ ದಿನ ಅವರು ಯಾವುದೋ ಮೀಟಿಂಗಿಗೆ ಹೋಗಿದ್ದರು. ಮಕ್ಕಳು ಬೀಗದ ಮುಂದೆ ಸಾಲಾಗಿ ನಿಂತಿದ್ದರು. ಮಿಸ್ಸು ನನ್ನ ಕೈಗೆ ಒಂದು ಸೀಮೆಸುಣ್ಣ ಕೊಟ್ಟು, ಜಗುಲಿಯ ನೆಲ ತೋರಿಸಿದರು. ನಾನು ಮಂಡಿಯೂರಿ ಕೂತು, ನೆಲದ ಮೇಲೆ ಪರದೆಯಷ್ಟು ದೊಡ್ಡದೊಂದು ಚೌಕ ಎಳೆದು, ಅದರೊಳಗೆ ಮೊದಲ ಸಾಲು ಬರೆದೆ. ಮಕ್ಕಳು ಸುತ್ತ ಬಂದು ಕೂತರು.